ಬಾಬ್‌ಕ್ಯಾಟ್‌ಗೆ ಆಗರ್, ಬ್ರೇಕರ್ ಹಾಕುವ ಮುಂಚೆ: ಎಣ್ಣೆ ವಾಪಸ್ ಬರುವ ದಾರಿ ನೋಡಿಕೊಳ್ಳಿ

ಶಿರಾ ಹತ್ತಿರ ಒಂದು ದಾಳಿಂಬೆ ತೋಟ. ಬೇಲಿಗೆ ಕಲ್ಲುಕಂಬ ನಿಲ್ಲಿಸಬೇಕು, ಗುಂಡಿ ತೆಗೆದುಕೊಡಿ ಅಂತ ಕರೆದಿದ್ದರು. ಬಾಬ್‌ಕ್ಯಾಟ್ ಅನ್ನುವ ಸಣ್ಣ ಲೋಡರ್ ಯಂತ್ರದ ಮುಂದೆ ಹಾಕಿ ಗುಂಡಿ ಕೊರೆಯುವ ಸುರುಳಿಗೆ ಆಗರ್ ಅನ್ನುತ್ತೇವೆ. ಆ ಆಗರ್ ಕೊಂಡು ಎರಡೇ ದಿನ ಆಗಿತ್ತು, ಅದೂ ಸೆಕೆಂಡ್ ಹ್ಯಾಂಡ್. ಎರಡು ದಪ್ಪ ಹೋಸ್ ಜೋಡಿಸಿದೆ. ಮೂರನೆಯದು ಒಂದು ಸಣ್ಣ ಹೋಸ್ ಉಳಿಯಿತು, ಅದನ್ನು ಎಲ್ಲಿಗೆ ಹಾಕುವುದೋ ತಿಳಿಯಲಿಲ್ಲ. ಮಾರಿದವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬೈಂಡಿಂಗ್ ವೈರಿನಲ್ಲಿ ಅದನ್ನು ಫ್ರೇಮಿಗೆ ಕಟ್ಟಿ ಕೆಲಸ ಶುರು ಮಾಡಿಬಿಟ್ಟೆ. ಮೂರನೇ ಗುಂಡಿ ಮುಗಿಯುವಷ್ಟರಲ್ಲಿ ಮೋಟಾರಿನ ಬುಡದಿಂದ ಎಣ್ಣೆ ಸುರಿಯತೊಡಗಿತು. ಶಾಫ್ಟ್ ಸೀಲ್, ಅಂದರೆ ತಿರುಗುವ ದಂಡದ ಸುತ್ತ ಎಣ್ಣೆ ತಡೆಯುವ ಬಿರಡೆ, ಹೋಗಿತ್ತು. ಅವತ್ತಿನ ಬಾಡಿಗೆ ಹೋಯಿತು, ಸೀಲ್ ಹಾಕಿಸುವ ಖರ್ಚು ಬಂತು, ತೋಟದ ಯಜಮಾನರು ನೆನೆದ ಮಣ್ಣು ನೋಡಿ "ಏನಪ್ಪಾ, ಗುಂಡಿ ತೋಡೋಕೆ ಬಂದ್ಯಾ, ಎಣ್ಣೆ ಸ್ನಾನ ಮಾಡ್ಸೋಕೆ ಬಂದ್ಯಾ" ಅಂದರು.

ಆ ಸಣ್ಣ ಹೋಸ್‌ಗೆ ಕೇಸ್ ಡ್ರೈನ್ ಅನ್ನುತ್ತಾರೆ. ಹೈಡ್ರಾಲಿಕ್ ಮೋಟಾರಿನ ಒಳಗೆ ಸ್ವಲ್ಪ ಎಣ್ಣೆ ಸಂದಿಗಳಲ್ಲಿ ಸೋರುತ್ತಲೇ ಇರುತ್ತದೆ, ಸೋರಬೇಕು ಕೂಡ, ಬೇರಿಂಗ್ ತಂಪಾಗುವುದೇ ಅದರಿಂದ. ಹಾಗೆ ಸೋರಿದ ಎಣ್ಣೆ ಸದ್ದಿಲ್ಲದೆ ಟ್ಯಾಂಕಿಗೆ ವಾಪಸ್ ಹೋಗಲು ಇರುವ ದಾರಿ ಇದು. ಆ ದಾರಿ ಮುಚ್ಚಿದರೆ ಎಣ್ಣೆ ತಾನೇ ದಾರಿ ಮಾಡಿಕೊಳ್ಳುತ್ತದೆ, ಮೊದಲು ಸಿಗುವುದು ಶಾಫ್ಟ್ ಸೀಲ್. ಆಗರ್ ಥರ ಯಂತ್ರಕ್ಕೆ ತಗುಲಿಸುವ ಎಲ್ಲ ಅಟ್ಯಾಚ್‌ಮೆಂಟಿಗೂ ಕೇಸ್ ಡ್ರೈನ್ ಇರುವುದಿಲ್ಲ. ಆದರೆ ಇದ್ದರೆ ಅದು ಸುಮ್ನೆ ಇಟ್ಟಿದ್ದಲ್ಲ.

ಅವತ್ತಿನಿಂದ ಯಾವ ಅಟ್ಯಾಚ್‌ಮೆಂಟ್ ಮುಟ್ಟಿದರೂ ನಾನು ಮೊದಲು ಕೇಳುವುದು ಒಂದೇ: ಒಳಗೆ ಹೋದ ಎಣ್ಣೆ ಹೊರಗೆ ಹೇಗೆ ಬರುತ್ತದೆ? ಪಂಪ್ ಎಷ್ಟು ತಳ್ಳುತ್ತದೆ ಅನ್ನುವುದನ್ನು ಎಲ್ಲರೂ ಕೇಳುತ್ತಾರೆ. ವಾಪಸ್ ಬರುವ ದಾರಿಯನ್ನು ಯಾರೂ ಕೇಳುವುದಿಲ್ಲ. ನಾನು ಕಂಡ ಹಾಳಾದ ಸೀಲು, ಕಾದ ಎಣ್ಣೆ, ಕೂರದ ಕಪ್ಲರ್ (ಹೋಸ್ ಜೋಡಿಸುವ ತುದಿ), ಮುಕ್ಕಾಲು ಪಾಲು ಆ ಕಡೆಯದೇ.

ಒಂದು ಮಾತು. ಹಿಂದೆ ತೋಳಿರುವ ಯಂತ್ರಕ್ಕೆಲ್ಲ ನಾವು ಜೆಸಿಬಿ ಅನ್ನುವ ಹಾಗೆ ಇಂಥ ಸಣ್ಣ ಲೋಡರ್, ಅಂದರೆ ಸ್ಕಿಡ್ ಸ್ಟಿಯರ್‌ಗೆಲ್ಲ ಬಾಬ್‌ಕ್ಯಾಟ್ ಅನ್ನುತ್ತೇವೆ. ಬಾಬ್‌ಕ್ಯಾಟ್ ಒಂದು ಕಂಪನಿಯ ಹೆಸರು, ಇದನ್ನು ಜೆಸಿಬಿ, ಕೇಸ್, ಕ್ಯಾಟರ್‌ಪಿಲ್ಲರ್ ಎಲ್ಲರೂ ಮಾಡುತ್ತಾರೆ. ನಾನೂ ರೂಢಿಯಂತೆ ಬಾಬ್‌ಕ್ಯಾಟ್ ಅಂತಲೇ ಬರೆಯುತ್ತೇನೆ, ಯಾವ ಕಂಪನಿಯದಾದರೂ ಕೆಲಸ ಒಂದೇ. ಇದು ಹುಟ್ಟಿದ್ದು ಅಮೆರಿಕದ ಮಿನ್ನೆಸೊಟಾದಲ್ಲಿ, 1957ರಲ್ಲಿ, ಟರ್ಕಿ ಕೋಳಿ ಸಾಕುವ ರೈತನಿಗೆ ಶೆಡ್ಡಿನ ಗೊಬ್ಬರ ಬಾಚಲು ಸಣ್ಣ ಯಂತ್ರ ಬೇಕಿತ್ತು ಅಂತ ಕೆಲ್ಲರ್ ಅಣ್ಣತಮ್ಮಂದಿರು ಮಾಡಿಕೊಟ್ಟದ್ದು. ಮೊದಲದಕ್ಕೆ ಮೂರೇ ಚಕ್ರ. ನಾಲ್ಕು ಚಕ್ರ ಬಂದದ್ದು 1960ರಲ್ಲಿ. ಗೊಬ್ಬರ ಬಾಚಲು ಹುಟ್ಟಿದ್ದಕ್ಕೆ ಈಗ ನಾವು ಆಗರ್, ಕಾಂಕ್ರೀಟ್ ಒಡೆಯುವ ಬ್ರೇಕರ್, ಕಾಲುವೆ ತೋಡುವ ಟ್ರೆಂಚರ್, ಕಸ ಗುಡಿಸುವ ಬ್ರೂಮ್, ಹಿಡಿದು ಎತ್ತುವ ಗ್ರ್ಯಾಪಲ್ ಎಲ್ಲ ತಗುಲಿಸುತ್ತಿದ್ದೇವೆ.

ಮೊದಲು ಲೆಕ್ಕ, ಆಮೇಲೆ ಅಡ್ವಾನ್ಸ್

ಅಟ್ಯಾಚ್‌ಮೆಂಟ್ ಕೊಳ್ಳುವುದಿರಲಿ, ಬಾಡಿಗೆಗೆ ತರುವುದಿರಲಿ, ಎರಡು ಅಂಕಿ ಬೇಕು. ಒಂದು ಫ್ಲೋ, ಅಂದರೆ ನಿಮಿಷಕ್ಕೆ ಎಷ್ಟು ಲೀಟರ್ ಎಣ್ಣೆ. ಇನ್ನೊಂದು ಪ್ರೆಶರ್, ಎಷ್ಟು ಬಾರ್. ಫ್ಲೋ ಅಂದರೆ ವೇಗ, ಪ್ರೆಶರ್ ಅಂದರೆ ಬಲ. ಆಗರ್ ನಿಧಾನಕ್ಕೆ ತಿರುಗುತ್ತಿದ್ದರೆ ಫ್ಲೋ ಸಾಲದು, ತಿರುಗುತ್ತಾ ತಿರುಗುತ್ತಾ ಗಟ್ಟಿ ನೆಲಕ್ಕೆ ನಿಂತುಬಿಟ್ಟರೆ ಪ್ರೆಶರ್ ಸಾಲದು. ಇದಿಷ್ಟು ತಲೆಯಲ್ಲಿದ್ದರೆ ಅರ್ಧ ತೊಂದರೆ ನೀವೇ ಹುಡುಕಬಹುದು.

ಸಾಮಾನ್ಯ ಯಂತ್ರದಲ್ಲಿ ಸ್ಟ್ಯಾಂಡರ್ಡ್ ಫ್ಲೋ ನಿಮಿಷಕ್ಕೆ ಸುಮಾರು 60ರಿಂದ 90 ಲೀಟರ್ ಇರುತ್ತದೆ, ತೀರಾ ಸಣ್ಣ ಯಂತ್ರದಲ್ಲಿ ಅದಕ್ಕಿಂತ ಕಮ್ಮಿ. ಹೈ ಫ್ಲೋ ಇರುವ ದೊಡ್ಡ ಯಂತ್ರದಲ್ಲಿ 100 ದಾಟಿ 150ರವರೆಗೂ ಹೋಗುತ್ತದೆ. ಪ್ರೆಶರ್ ಸಾಮಾನ್ಯವಾಗಿ 200ರಿಂದ 240 ಬಾರ್. ಈ ಎರಡನ್ನೂ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 65 ಲೀಟರ್, 200 ಬಾರ್ ಅಂದರೆ 13,000, ಅದನ್ನು 600ರಿಂದ ಭಾಗಿಸಿದರೆ ಸುಮಾರು 21 ಕಿಲೋವ್ಯಾಟ್ ಚಿಲ್ಲರೆ, ಅಂದರೆ 29 ಎಚ್‌ಪಿ. ಇಂಜಿನ್ 50 ಎಚ್‌ಪಿ ಅಂತ ಕಾಗದದಲ್ಲಿದ್ದರೂ ಅಟ್ಯಾಚ್‌ಮೆಂಟಿನ ಕೈಗೆ ಸಿಗುವುದು ಹೆಚ್ಚೆಂದರೆ ಇಷ್ಟೇ. ಮರ ಪುಡಿ ಮಾಡುವ ಮಲ್ಚರ್, ರಸ್ತೆ ಕೆರೆಯುವ ಪ್ಲೇನರ್ ಇವೆಲ್ಲ ಹೈ ಫ್ಲೋ ಕೇಳುವುದು ಇದಕ್ಕೇ.

ಕಮ್ಮಿ ಫ್ಲೋ ಇದ್ದರೆ ಕೆಲಸ ನಿಧಾನ ಆಗುತ್ತದೆ, ಅಷ್ಟೇ. ಜಾಸ್ತಿ ಫ್ಲೋ ಕೊಟ್ಟರೆ ಅಟ್ಯಾಚ್‌ಮೆಂಟ್ ಸಾಯುತ್ತದೆ. 70 ಲೀಟರಿನ ಬ್ರೇಕರ್‌ಗೆ 110 ಲೀಟರ್ ತಳ್ಳಿದರೆ ಅದು ಜೋರಾಗಿ ಹೊಡೆಯುತ್ತದೆ ಅಂತ ಖುಷಿ ಪಡುವವರಿದ್ದಾರೆ. ವಾಪಸ್ ಹೋಸಿನಲ್ಲಿ ಅಷ್ಟು ಎಣ್ಣೆ ಹಿಡಿಸುವುದಿಲ್ಲ, ಹಿಂದಿನಿಂದ ಒತ್ತಡ ಏರುತ್ತದೆ, ಬಿಸಿ ಏರುತ್ತದೆ, ಸೀಲ್ ಕರಗಿದ ಹಾಗೆ ಆಗುತ್ತದೆ, ಬ್ರೇಕರ್‌ನ ಉದ್ದ ಬೋಲ್ಟುಗಳು ತುಂಡಾಗುತ್ತವೆ. ನಿಮ್ಮ ಯಂತ್ರದಲ್ಲಿ ಹೈ ಫ್ಲೋ ಬಟನ್ ಇದ್ದರೆ, ಅದನ್ನು ಒತ್ತುವ ಮುಂಚೆ ಅಟ್ಯಾಚ್‌ಮೆಂಟಿನ ಮೇಲಿನ ತಗಡಿನ ಪ್ಲೇಟ್ ಓದಿ. ಪ್ಲೇಟಿಗೆ ಬಣ್ಣ ಬಳಿದು ಓದಲು ಬಾರದ ಹಾಗೆ ಮಾಡಿದ್ದರೆ ಅಂಥದ್ದನ್ನು ಕೊಳ್ಳುವ ಮುಂಚೆ ಇನ್ನೊಂದು ಸಲ ಯೋಚಿಸಿ.

ಇನ್ನೊಂದು, ಹಳೇ ಯಂತ್ರ ಕಾಗದದಲ್ಲಿರುವ ಫ್ಲೋ ಕೊಡುವುದಿಲ್ಲ. ಪಂಪ್ ಸವೆದಿರುತ್ತದೆ. ಫ್ಲೋ ಮೀಟರ್ ಇರುವ ಮೆಕ್ಯಾನಿಕ್ ಹತ್ತಿರ ಒಮ್ಮೆ ಅಳೆಸಿದರೆ ಅನುಮಾನ ಹೋಗುತ್ತದೆ. ಎಣ್ಣೆ ತಣ್ಣಗಿದ್ದಾಗ ಅಳೆಸಬೇಡಿ, ಆಗ ಎಲ್ಲ ಪಂಪೂ ಶೂರ. ಬಿಸಿಯಾದ ಮೇಲೆ ಅಳೆಸಿ.

ತಗುಲಿಸುವುದು

ಇದಕ್ಕೆ ಹತ್ತು ನಿಮಿಷ ಬೇಕು, ಜನ ಎರಡು ನಿಮಿಷದಲ್ಲಿ ಮುಗಿಸಲು ನೋಡುತ್ತಾರೆ.

ಅಟ್ಯಾಚ್‌ಮೆಂಟ್ ಸಮ ನೆಲದ ಮೇಲಿರಲಿ. ತೋಳು ಪೂರ್ತಿ ಕೆಳಗೆ, ತೋಳಿನ ತುದಿಯ ಪ್ಲೇಟ್ ಮುಂದಕ್ಕೆ ಬಾಗಿರಲಿ. ನಿಧಾನಕ್ಕೆ ಹೋಗಿ ಪ್ಲೇಟಿನ ಮೇಲಂಚನ್ನು ಅಟ್ಯಾಚ್‌ಮೆಂಟಿನ ತುಟಿಯ ಕೆಳಗೆ ಸೇರಿಸಿ, ಹಿಂದಕ್ಕೆ ಬಾಗಿಸಿ, ಸ್ವಲ್ಪ ಎತ್ತಿ. ಈ ಪ್ಲೇಟಿನ ಅಳತೆ ಈಗ ಬಹುತೇಕ ಎಲ್ಲ ಕಂಪನಿಗೂ ಒಂದೇ, ಐಎಸ್‌ಒ 24410 ಅಂತ ಅದಕ್ಕೊಂದು ನಿಯಮವೇ ಇದೆ, ಆದ್ದರಿಂದ ಒಬ್ಬರ ಬಕೆಟ್ ಇನ್ನೊಬ್ಬರ ಯಂತ್ರಕ್ಕೆ ಕೂರುತ್ತದೆ. ತೀರಾ ಸಣ್ಣ ಯಂತ್ರ, ಹಳೇ ಯಂತ್ರ ಆದರೆ ನೋಡಿಕೊಳ್ಳಿ.

ಆಮೇಲೆ ಎರಡೂ ಕಡೆಯ ಲಿವರ್ ಕೆಳಗೆ. ಲಿವರ್ ಕೆಳಗೆ ಬಂತು ಅಂದರೆ ಪಿನ್ ಕೂತಿದೆ ಅಂತ ಅರ್ಥ ಅಲ್ಲ. ಕೆಳಗೆ ಬಗ್ಗಿ ನೋಡಿ, ಎರಡೂ ಪಿನ್ ಅಟ್ಯಾಚ್‌ಮೆಂಟಿನ ತೂತಿನಿಂದ ಆಚೆಗೆ ಬಂದಿರಬೇಕು. ಮಣ್ಣು ಹೆಪ್ಪುಗಟ್ಟಿದ್ದರೆ ಪಿನ್ ಅರ್ಧಕ್ಕೇ ನಿಲ್ಲುತ್ತದೆ. ಕೂತಿದೆ ಅನ್ನಿಸಿದ ಮೇಲೂ ಅಟ್ಯಾಚ್‌ಮೆಂಟನ್ನು ಮುಂದಕ್ಕೆ ಬಾಗಿಸಿ ನೆಲಕ್ಕೆ ಒಮ್ಮೆ ಒತ್ತಿ ನೋಡಿ. ಬಿಡುವುದಿದ್ದರೆ ಅಲ್ಲೇ ಬಿಡಲಿ, ತೋಳು ಎತ್ತಿದಾಗ ಬೇಡ.

ಈಗ ಹೋಸ್. ಇಂಜಿನ್ ಆಫ್ ಮಾಡಿ, ಅಟ್ಯಾಚ್‌ಮೆಂಟ್ ನೆಲಕ್ಕೆ ಕೂತಿರಲಿ. ಲೈನಿನಲ್ಲಿ ಉಳಿದ ಪ್ರೆಶರ್ ಬಿಡಬೇಕು. ಕೆಲವು ಯಂತ್ರದಲ್ಲಿ ಕೀ ಆನ್ ಇಟ್ಟು, ಅಟ್ಯಾಚ್‌ಮೆಂಟಿಗೆ ಎಣ್ಣೆ ಬಿಡುವ ಆಕ್ಸಿಲರಿ ಸ್ವಿಚ್ಚನ್ನು ಆಚೆ ಈಚೆ ನಾಲ್ಕೈದು ಸಲ ಒತ್ತಬೇಕು, ಕೆಲವದರಲ್ಲಿ ಕಪ್ಲರ್ ಬ್ಲಾಕನ್ನೇ ಒಳಕ್ಕೆ ಒತ್ತಿ ಐದು ಸೆಕೆಂಡ್ ಹಿಡಿದರೆ ಪ್ರೆಶರ್ ಟ್ಯಾಂಕಿಗೆ ಹೋಗುತ್ತದೆ. ನಿಮ್ಮ ಯಂತ್ರದ್ದು ಯಾವ ಥರ ಅಂತ ಮ್ಯಾನುಯಲ್ ನೋಡಿ ತಿಳಿದುಕೊಳ್ಳಿ.

ಕಪ್ಲರಿನ ಎರಡೂ ಮುಖ ಒರೆಸಿ. ಒರೆಸುವುದಕ್ಕೆ ಒಳ್ಳೇ ಬಟ್ಟೆ ಬೇಕು, ಹೆಲ್ಪರ್ ಹುಡುಗ ಬೆವರೊರೆಸಿಕೊಂಡ ಟವೆಲ್ ಅಲ್ಲ. ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಪಂಪಿನ ಒಳಗಿನ ಸಂದಿ ಅದರ ಹತ್ತನೇ ಒಂದು ಭಾಗದಷ್ಟು. ಕಣ್ಣಿಗೆ ಕಾಣದ ಧೂಳೇ ಅಲ್ಲಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ನಮ್ಮ ಕಡೆಯ ಕೆಂಪು ಧೂಳಿನ ಬಗ್ಗೆ ಹೇಳಬೇಕಿಲ್ಲ.

ಕೇಸ್ ಡ್ರೈನ್ ಇದ್ದರೆ ಅದನ್ನು ಮೊದಲು ಹಾಕಿ. ಬಿಚ್ಚುವಾಗ ಕೊನೆಗೆ ಬಿಚ್ಚಿ. ಈ ಒಂದು ರೂಢಿ ಮಾಡಿಕೊಂಡರೆ ನನ್ನ ಹಾಗೆ ಎಣ್ಣೆ ಸ್ನಾನ ಮಾಡಿಸಬೇಕಾಗಿಲ್ಲ. ಯಂತ್ರದಲ್ಲಿ ಕೇಸ್ ಡ್ರೈನ್ ಪೋರ್ಟ್ ಇಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ನೇರ ಟ್ಯಾಂಕಿಗೆ ಲೈನ್ ಎಳೆಸಿ. ವಾಪಸ್ ಬರುವ ದಪ್ಪ ಹೋಸಿಗೇ ಟೀ ಹಾಕಿ ಸೇರಿಸುತ್ತೇನೆ ಅನ್ನುವವರ ಮಾತು ಕೇಳಬೇಡಿ. ಆ ಲೈನಿನಲ್ಲೇ ಒತ್ತಡ ಇರುತ್ತದೆ, ಸೀಲ್ ಮತ್ತೆ ಹೋಗುತ್ತದೆ.

ಆಮೇಲೆ ದಪ್ಪ ಹೋಸ್ ಎರಡು. ಈಗಿನ ಕಪ್ಲರ್‌ಗಳು ಮುಖ ಚಪ್ಪಟೆ ಇರುವ ಫ್ಲಾಟ್ ಫೇಸ್, ಐಎಸ್‌ಒ 16028 ಅಳತೆಯವು, ಸಾಮಾನ್ಯವಾಗಿ ಅರ್ಧ ಇಂಚು. ಗಂಡು ಹೆಣ್ಣು ಒಂದೊಂದು ಇರುವುದರಿಂದ ತಪ್ಪು ಜೋಡಿಸಲು ಆಗುವುದಿಲ್ಲ ಅಂದುಕೊಳ್ಳುತ್ತೇವೆ. ಆದರೆ ಯಾರೋ ಮಧ್ಯದಲ್ಲಿ ಕಪ್ಲರ್ ಬದಲಿಸಿ ಉಲ್ಟಾ ಮಾಡಿರುತ್ತಾರೆ. ಎಣ್ಣೆ ಹೋಗುವ ಕಡೆಗೆ ಕೆಂಪು, ಬರುವ ಕಡೆಗೆ ನೀಲಿ ಬಣ್ಣ ಹಚ್ಚಿಬಿಡಿ. ಬ್ರೇಕರ್‌ಗೆ ಉಲ್ಟಾ ಎಣ್ಣೆ ಹೋಗಬಾರದು. ಆಗರ್ ಮಾತ್ರ ಎರಡೂ ಕಡೆ ತಿರುಗಬೇಕು.

ಟಕ್ ಅಂತ ಶಬ್ದ ಬರುವವರೆಗೆ ಒತ್ತಿ, ಕಾಲರ್ ತಿರುಗಿಸಿ ಲಾಕ್ ಮಾಡಿ, ಹಿಡಿದು ಎಳೆದು ನೋಡಿ. ವಾಪಸ್ ಕಡೆಯ ಕಪ್ಲರ್ ಮುಕ್ಕಾಲು ಕೂತಿದ್ದರೆ ಒಳಗಿನ ವಾಲ್ವ್ ಪೂರ್ತಿ ತೆರೆಯುವುದಿಲ್ಲ. ಹೋದ ಎಣ್ಣೆ ಬರಲಾಗದೆ ಕಟ್ಟಿಕೊಳ್ಳುತ್ತದೆ. ಅಟ್ಯಾಚ್‌ಮೆಂಟ್ ಅಲ್ಲಾಡುವುದಿಲ್ಲ, ಇಂಜಿನ್ ಮಾತ್ರ ಏದುಸಿರು ಬಿಡುತ್ತದೆ. ಎಷ್ಟೋ ಸಲ "ಮೋಟಾರ್ ಹೋಗಿದೆ" ಅಂತ ಬಿಚ್ಚಿ ವರ್ಕ್‌ಶಾಪಿಗೆ ಒಯ್ದದ್ದು ಬರೀ ಕಪ್ಲರ್ ಸಮಸ್ಯೆ ಆಗಿರುತ್ತದೆ.

ಕಪ್ಲರ್ ಕೂರುವುದೇ ಇಲ್ಲವಾ?

ಬೇಸಿಗೆಯಲ್ಲಿ ದಿನಾ ಇದೇ ಗೋಳು. ನಿನ್ನೆ ಸಂಜೆ ಬಿಚ್ಚಿಟ್ಟ ಗ್ರ್ಯಾಪಲ್, ಇವತ್ತು ಹನ್ನೊಂದು ಗಂಟೆಗೆ ಜೋಡಿಸಲು ಹೋದರೆ ಕಪ್ಲರ್ ಕಲ್ಲಿನ ಹಾಗೆ. ಕಾರಣ ಬಿಸಿಲು. ಎರಡು ಕಡೆ ಮುಚ್ಚಿದ ಹೋಸಿನಲ್ಲಿ, ಸಿಲಿಂಡರಿನಲ್ಲಿ ಎಣ್ಣೆ ಸಿಕ್ಕಿಕೊಂಡಿದೆ, ಬಿಸಿಗೆ ಹಿಗ್ಗುತ್ತದೆ, ಹಿಗ್ಗಲು ಜಾಗ ಇಲ್ಲ, ಪ್ರೆಶರ್ ಏರುತ್ತದೆ. ಕೈಯಲ್ಲಿ ಒತ್ತುವ ಬಲಕ್ಕೆ ಅದು ಜಗ್ಗುವುದಿಲ್ಲ.

ಇಲ್ಲಿ ಸುತ್ತಿಗೆ ತರುವವರೇ ಜಾಸ್ತಿ. ಕಪ್ಲರಿನ ಮುಖಕ್ಕೆ ಒಂದು ಏಟು ಕೊಟ್ಟರೆ ಚುರ್ ಅಂತ ಎಣ್ಣೆ ಹಾರಿ ಪ್ರೆಶರ್ ಬಿಡುತ್ತದೆ, ನಿಜ. ಮುಖ ಜಜ್ಜಿಹೋಗಿ ಅವತ್ತಿನಿಂದ ಆ ಕಪ್ಲರ್ ಸೋರುತ್ತಲೇ ಇರುತ್ತದೆ, ಅದೂ ನಿಜ. ಹಾರಿದ ಎಣ್ಣೆ ಕಣ್ಣಿಗೆ ಬಿದ್ದರೆ ಇನ್ನೊಂದು ಕಥೆ. ಮೊದಲು ಹೋಸಿನ ಮೇಲೆ ಒದ್ದೆ ಗೋಣಿಚೀಲ ಹಾಕಿ ಹದಿನೈದು ಇಪ್ಪತ್ತು ನಿಮಿಷ ನೆರಳಿನಲ್ಲಿ ಬಿಡಿ, ತಣ್ಣಗಾದ ಮೇಲೆ ಎಷ್ಟೋ ಸಲ ತಾನಾಗಿಯೇ ಕೂರುತ್ತದೆ. ಆಗದಿದ್ದರೆ ಕಪ್ಲರ್‌ಗೆ ಹಾಕಿ ತಿರುಗಿಸಿ ಪ್ರೆಶರ್ ಬಿಡಿಸುವ ಸಣ್ಣ ಸಾಧನ ಹೋಸ್ ಅಂಗಡಿಯಲ್ಲಿ ಕೇಳಿ. ಒಂದು ಕಪ್ಲರಿನ ಬೆಲೆ ನೋಡಿದರೆ ಅದು ದುಬಾರಿ ಅನ್ನಿಸುವುದಿಲ್ಲ. ಇದಕ್ಕಿಂತ ಒಳ್ಳೇದು ಬಿಚ್ಚುವಾಗಲೇ ಪ್ರೆಶರ್ ಪೂರ್ತಿ ಬಿಟ್ಟು, ನೆರಳಿನಲ್ಲಿ ಇಡುವುದು.

ಎಣ್ಣೆ ಚರ್ಮದೊಳಗೆ ಹೋದರೆ

ಬೇರೆ ಯಾವುದನ್ನು ಓದದಿದ್ದರೂ ಇದನ್ನು ಓದಿ, ಹೆಲ್ಪರ್ ಹುಡುಗರಿಗೂ ಹೇಳಿ. ಹೋಸಿನಲ್ಲಿ ಸೂಜಿ ಮೊನೆಯಷ್ಟು ತೂತು ಬಿದ್ದರೆ ಎಣ್ಣೆ ಮಂಜಿನ ಹಾಗೆ ಬರುತ್ತದೆ, ಕಾಣುವುದೇ ಇಲ್ಲ. ಎಲ್ಲಿ ಸೋರುತ್ತಿದೆ ಅಂತ ಜನ ಕೈ ಸವರಿ ನೋಡುತ್ತಾರೆ. ಚರ್ಮ ತೂರಲು 7 ಬಾರ್ ಸಾಕು ಅನ್ನುತ್ತಾರೆ, ಅಂದರೆ ಕಾರಿನ ಟಯರಿನ ಗಾಳಿಯ ಮೂರು ಪಟ್ಟು. ನಿಮ್ಮ ಹೋಸಿನಲ್ಲಿರುವುದು 200. ಗ್ಲೌಸ್ ಹಾಕಿದರೂ ತಡೆಯುವುದಿಲ್ಲ.

ಹಾಗೆ ಚುಚ್ಚಿದರೆ ಮೊದಲು ಇರುವೆ ಕಚ್ಚಿದಷ್ಟೇ ನೋವು. ಸಣ್ಣ ಚುಕ್ಕೆ, ರಕ್ತವೂ ಬರುವುದಿಲ್ಲ. "ಏನೂ ಆಗಿಲ್ಲ ಬಿಡಣ್ಣ" ಅಂತ ಹುಡುಗ ಕೆಲಸಕ್ಕೆ ನಿಲ್ಲುತ್ತಾನೆ. ಒಳಗೆ ಎಣ್ಣೆ ಬೆರಳಿನುದ್ದಕ್ಕೂ ಹರಡಿರುತ್ತದೆ. ಕೆಲವು ಗಂಟೆಗಳಲ್ಲಿ ಬಾವು ಬಂದು, ರಕ್ತ ಓಡಾಡದೆ, ಬೆರಳೇ ತೆಗೆಯಬೇಕಾಗಬಹುದು. ಆದ್ದರಿಂದ ಕಾಯಬೇಡಿ. ಕೂಡಲೇ ಆಪರೇಷನ್ ಮಾಡುವ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರಿಗೆ "ಗಾಯ ಆಗಿದೆ" ಅನ್ನಬೇಡಿ, "ಜಾಸ್ತಿ ಪ್ರೆಶರಿನ ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ" ಅಂತಲೇ ಹೇಳಿ, ಎಣ್ಣೆ ಡಬ್ಬಿಯ ಲೇಬಲ್ಲಿನ ಫೋಟೊ ತೋರಿಸಿ. ಹೊರಗಿನಿಂದ ನೋಡಿದರೆ ಡಾಕ್ಟರಿಗೂ ಅದು ಸಣ್ಣ ಚುಕ್ಕೆಯಾಗಿಯೇ ಕಾಣುತ್ತದೆ.

ಸೋರಿಕೆ ಹುಡುಕಲು ರಟ್ಟು ಬಳಸಿ. ಉದ್ದ ಕೋಲಿನ ತುದಿಗೆ ರಟ್ಟು ಕಟ್ಟಿ ಹೋಸಿನ ಪಕ್ಕ ಆಡಿಸಿ, ಎಣ್ಣೆ ಕಲೆ ಬಿದ್ದ ಕಡೆ ತೂತು. ಕನ್ನಡಕ ಹಾಕಿಕೊಳ್ಳಿ. ಹೋಸಿನ ಮೇಲ್ಪದರ ಬಿರಿದು ಒಳಗಿನ ತಂತಿ ಕಂಡರೆ ಟೇಪ್ ಸುತ್ತಬೇಡಿ, ಹೊಸದು ಹಾಕಿಸಿ. ತುಮಕೂರಿನಂಥ ಊರಿನಲ್ಲಿ ಈಗ ಅರ್ಧ ಗಂಟೆಯಲ್ಲಿ ಹೋಸ್ ಕ್ರಿಂಪ್ ಮಾಡಿಕೊಡುತ್ತಾರೆ. ಹಳೇ ಹೋಸ್ ತೋರಿಸಿ ಅದರ ಮೇಲೆ ಬರೆದಿರುವ ಪ್ರೆಶರಿನದ್ದೇ ಕೇಳಿ.

ಶುರು ಮಾಡುವುದು

ಹೋಸ್ ಎಲ್ಲ ಹಾಕಿದ ಮೇಲೆ, ರೇಸ್ ಕೊಡದೆ, ಪ್ಲೇಟನ್ನು ಪೂರ್ತಿ ಹಿಂದಕ್ಕೆ ಪೂರ್ತಿ ಮುಂದಕ್ಕೆ ಬಾಗಿಸಿ ನೋಡಿ. ಹೋಸ್ ಎಲ್ಲೂ ಬಿಗಿಯಬಾರದು, ಎಲ್ಲೂ ಸಂದಿಗೆ ಸಿಕ್ಕಬಾರದು, ಟಯರಿಗೆ ತಾಗಬಾರದು. ಆಮೇಲೆ ಆಕ್ಸಿಲರಿ ಆನ್ ಮಾಡಿ ಎರಡು ಮೂರು ನಿಮಿಷ ನಿಧಾನಕ್ಕೆ ಓಡಿಸಿ. ಖಾಲಿ ಹೋಸಿಗೆ ಎಣ್ಣೆ ತುಂಬಿಕೊಳ್ಳುತ್ತದೆ, ಗಾಳಿ ಹೋಗುತ್ತದೆ. ಬ್ರೇಕರ್ ಆದರೆ ಹೀಗೆ ಖಾಲಿ ಓಡಿಸಬೇಡಿ, ಉಳಿ ನೆಲಕ್ಕೆ ಒತ್ತಿದ ಮೇಲೇ ಎಣ್ಣೆ ಕೊಡಿ. ಅದಾದ ಮೇಲೆ ಟ್ಯಾಂಕಿನ ಎಣ್ಣೆ ಮಟ್ಟ ಮತ್ತೊಮ್ಮೆ ನೋಡಿ, ಇಳಿದಿರುತ್ತದೆ.

ಬಾಡಿಗೆಗೆ ತಂದ ಅಟ್ಯಾಚ್‌ಮೆಂಟ್ ಆದರೆ ಇನ್ನೊಂದು ಸಂಗತಿ ಇದೆ. ಅದರೊಳಗಿನ ಎಣ್ಣೆ ನಿಮ್ಮ ಟ್ಯಾಂಕಿಗೇ ಬರುತ್ತದೆ. ಅದು ಹಿಂದೆ ಯಾರ ಯಂತ್ರದಲ್ಲಿತ್ತೋ, ಅವರು ಯಾವ ಎಣ್ಣೆ ಹಾಕಿದ್ದರೋ, ಅವರ ಪಂಪ್ ಸವೆದು ಕಬ್ಬಿಣದ ಪುಡಿ ಬಂದಿತ್ತೋ, ಎಲ್ಲ ನಿಮ್ಮ ಮನೆಗೆ. ಹೋಸಿನಿಂದ ಒಂದಿಷ್ಟು ಎಣ್ಣೆ ಬಿಳಿ ಡಬ್ಬಿಗೆ ಬಸಿದು ನೋಡಿ. ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ, ಮಿಣಿಮಿಣಿ ಮಿನುಗಿದರೆ ಲೋಹ. ಅಂಥದ್ದನ್ನು ಜೋಡಿಸಬೇಡಿ, ಬೇರೆ ಕೊಡಿ ಅನ್ನಿ.

ಆಗರ್

ಆಗರ್ ಕೆಲಸಕ್ಕೆ ಇಂಜಿನ್ ರೇಸ್ ಪೂರ್ತಿ ಇರಲಿ. ಪಂಪ್ ಇಂಜಿನ್ ಜೊತೆ ತಿರುಗುತ್ತದೆ, ಅರ್ಧ ರೇಸಿಗೆ ಅರ್ಧ ಎಣ್ಣೆ. ಡೀಸೆಲ್ ಉಳಿಸಲು ಹೋಗಿ ಒಂದು ಗುಂಡಿಗೆ ಎರಡು ಗುಂಡಿಯ ಹೊತ್ತು ಹಿಡಿದರೆ ಏನುಳಿಯಿತು? ವೇಗ ಬೇಡ ಅನ್ನಿಸಿದರೆ ಫ್ಲೋ ಕಂಟ್ರೋಲ್ ಇದ್ದ ಯಂತ್ರದಲ್ಲಿ ಅದನ್ನು ಕಮ್ಮಿ ಮಾಡಿ.

ಒಂದೇ ಸಲಕ್ಕೆ ಎರಡಡಿ ಇಳಿಸಬೇಡಿ. ಒಂದಡಿ ಇಳಿಸಿ, ತಿರುಗುತ್ತಿರುವಾಗಲೇ ಮೇಲೆತ್ತಿ, ಮಣ್ಣು ಜಾಡಿಸಿ, ಮತ್ತೆ ಇಳಿಸಿ. ಸಿಕ್ಕಿಕೊಂಡರೆ ತೋಳಿನಿಂದ ಎಳೆಯಬೇಡಿ, ಉಲ್ಟಾ ತಿರುಗಿಸಿ ಬಿಡಿಸಿಕೊಳ್ಳಿ. ಬಹಳ ಯಂತ್ರಗಳಲ್ಲಿ ತೋಳಿಗೂ ಆಗರ್‌ಗೂ ಒಂದೇ ಪಂಪಿನ ಎಣ್ಣೆ ಹಂಚಿಕೆ. ಎರಡನ್ನೂ ಒಟ್ಟಿಗೆ ಕೆಲಸ ಮಾಡಿಸಿದರೆ ಎರಡೂ ನಿಧಾನ, ಇದನ್ನು ರಿಪೇರಿ ಅಂದುಕೊಳ್ಳಬೇಡಿ.

ಮಣ್ಣಿನ ಮೇಲೆ ಎಲ್ಲ ಇದೆ. ಗದಗದ ಕಡೆಯ ಎರೆ ಭೂಮಿ ಹಸಿ ಇದ್ದರೆ ಮಣ್ಣು ಸುರುಳಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ, ಸಲಿಕೆಯಲ್ಲಿ ಕೆರೆಯಬೇಕು (ಇಂಜಿನ್ ಆಫ್ ಮಾಡಿ!). ನಮ್ಮ ತುಮಕೂರು ಕಡೆ ಗರಸು ಮಣ್ಣಿಗೆ ಮಾಮೂಲಿ ಹಲ್ಲು ಬೇಗ ಸವೆಯುತ್ತದೆ, ಗಟ್ಟಿ ತುದಿಯ ಕಲ್ಲಿನ ಹಲ್ಲು ಹಾಕಿಸಿ. ಕರಾವಳಿಯ ಮುರಕಲ್ಲಿಗೂ ಅದೇ. ಬಂಡೆ ಸಿಕ್ಕರೆ ಆಗರ್ ಎತ್ತಿ ಪಕ್ಕಕ್ಕಿಡಿ. ಬೇಲಿ ಕಂಬಕ್ಕೆ 12 ಇಂಚಿನ ಆಗರ್ ಸಾಕು, ಬಾಳೆಯ ಒಂದೂವರೆ ಅಡಿ ಗುಂಡಿಗೂ 18 ಇಂಚಿನದು ಹಾಕಿ ಮಾಡಬಹುದು. ತೆಂಗಿನ ಮೂರಡಿ ಗುಂಡಿಗೆ ಮಾತ್ರ ಕರೆದರೆ ನಾನೇ ಜೆಸಿಬಿಯವರ ನಂಬರ್ ಕೊಡುತ್ತೇನೆ.

ಆಗರ್ ಹತ್ತಿರ ಪಂಚೆ, ಲುಂಗಿ, ಹೆಗಲ ಟವೆಲ್ ಬೇಡವೇ ಬೇಡ. ನೋಡಲು ಬಂದವರನ್ನು ದೂರ ನಿಲ್ಲಿಸಿ, ಸಿಟ್ಟು ಮಾಡಿಕೊಂಡರೂ ಪರವಾಗಿಲ್ಲ. ಡ್ರಿಪ್ ಮೇನ್ ಪೈಪ್, ಬೋರಿನ ಕೇಬಲ್ ಎಲ್ಲಿ ಹೋಗಿದೆ ಅಂತ ಯಜಮಾನರನ್ನೇ ಕರೆದು ಸುಣ್ಣದಲ್ಲಿ ಗುರುತು ಹಾಕಿಸಿಕೊಳ್ಳಿ. "ಅಲ್ಲೇನೂ ಇಲ್ಲ" ಅಂದ ಜಾಗದಲ್ಲೇ ಪೈಪ್ ಇರುವುದು.

ಬ್ರೇಕರ್

ಬೆಂಗಳೂರಿನ ಗಲ್ಲಿಗಳಲ್ಲಿ, ಬೇಸ್‌ಮೆಂಟಿನೊಳಗೆ ಕಾಂಕ್ರೀಟ್ ಒಡೆಯಲು ಬಾಬ್‌ಕ್ಯಾಟ್ ಕರೆಯುವುದು ದೊಡ್ಡ ಯಂತ್ರ ಒಳಗೆ ಹೋಗುವುದಿಲ್ಲ ಅಂತ. ಒಳ್ಳೇ ಬಾಡಿಗೆ, ಆದರೆ ಯಂತ್ರವನ್ನು ತಿನ್ನುವ ಕೆಲಸವೂ ಇದೇ.

ಉಳಿ ನೆಲಕ್ಕೆ ನೇರ ನಿಂತಿರಬೇಕು. ಮೊದಲು ಒತ್ತಿ, ಮುಂದಿನ ಚಕ್ರದ ಭಾರ ಸ್ವಲ್ಪ ಹಗುರ ಆದಂತೆ ಅನ್ನಿಸಿದ ಮೇಲೆ ಹೊಡೆಯಲು ಬಿಡಿ. ಕಲ್ಲು ಒಡೆದು ಉಳಿ ಕೆಳಗೆ ಜಾರಿದ ಕೂಡಲೇ ನಿಲ್ಲಿಸಿ. ಏನೂ ತಾಗದೆ ಗಾಳಿಯಲ್ಲಿ ಹೊಡೆದರೆ ಆ ಏಟೆಲ್ಲ ಬ್ರೇಕರಿನ ಮೈಗೇ. ಒಂದೇ ಜಾಗದಲ್ಲಿ 15 ಸೆಕೆಂಡಿಗಿಂತ ಜಾಸ್ತಿ ಕೂರಬೇಡಿ, ಒಡೆಯದಿದ್ದರೆ ಅಂಚಿನ ಕಡೆ ಸರಿಯಿರಿ, ಅಂಚಿನಿಂದ ಒಳಕ್ಕೆ ಬನ್ನಿ. ಉಳಿಯನ್ನು ಹಾರೆ ಥರ ಹಾಕಿ ಕಲ್ಲು ಮೀಟಬೇಡಿ. ಮುರಿಯುವ ಉಳಿಗಳಲ್ಲಿ ಬಹಳಷ್ಟು ಮುರಿಯುವುದು ಮೀಟಿ.

ಗ್ರೀಸ್ ಎರಡು ಗಂಟೆಗೊಮ್ಮೆ. ಮಾಮೂಲಿ ಚಕ್ರದ ಗ್ರೀಸ್ ಬಿಸಿಗೆ ನೀರಾಗಿ ಇಳಿದುಹೋಗುತ್ತದೆ, ಬ್ರೇಕರಿಗೇ ಬರುವ ಉಳಿ ಪೇಸ್ಟ್ ಹಾಕಿ. ಹಾಕುವಾಗ ಉಳಿಯನ್ನು ನೆಲಕ್ಕೆ ಒತ್ತಿ, ಅದು ಮೇಲಕ್ಕೆ ಸರಿದಿರಬೇಕು. ಉಳಿ ಕೆಳಗೆ ಜೋತಾಡುವಾಗ ತುಂಬಿದರೆ ಗ್ರೀಸ್ ಮೇಲಿನ ಖಾಲಿ ಜಾಗಕ್ಕೆ ಹೋಗಿ, ಪಿಸ್ಟನ್ ಬಂದು ಅದರ ಮೇಲೆ ಹೊಡೆದು ಸೀಲ್ ಕಿತ್ತು ಹಾಕುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಒಬ್ಬ ಹಳೇ ಮೇಸ್ತ್ರಿ, ಅವರು ಅದಕ್ಕೆ ಮುಂಚೆ ಮೂರು ಸೀಲ್ ಕಳೆದುಕೊಂಡಿದ್ದರಂತೆ.

ಏಟಿನ ಜೋರು ಕಮ್ಮಿ ಆದರೆ ಪ್ರೆಶರ್ ಏರಿಸಲು ಹೋಗಬೇಡಿ. ತಲೆಯಲ್ಲಿ ನೈಟ್ರೋಜನ್ ಗ್ಯಾಸ್ ಇರುತ್ತದೆ, ಅದು ಇಳಿದಿರಬಹುದು. ಗ್ಯಾಸ್ ತುಂಬುವುದು ಅದು ಗೊತ್ತಿರುವವರ ಕೆಲಸ. ನೈಟ್ರೋಜನ್ ಬಿಟ್ಟು ಬೇರೆ ಯಾವ ಗ್ಯಾಸೂ ತುಂಬಿಸಬಾರದು, ಆಕ್ಸಿಜನ್ ಅಂತೂ ಎಣ್ಣೆ ಜೊತೆ ಸೇರಿ ಸಿಡಿಯುತ್ತದೆ.

ಬಿಸಿ

ಆಗರ್ ಸಿಕ್ಕಿಕೊಂಡು ನಿಂತಾಗ ಎಣ್ಣೆ ಎಲ್ಲಿಗೆ ಹೋಗುತ್ತದೆ ಗೊತ್ತಾ? ಪ್ರೆಶರ್ ಮಿತಿ ಮುಟ್ಟಿದರೆ ತೆರೆಯುವ ರಿಲೀಫ್ ವಾಲ್ವ್ ಇರುತ್ತದೆ, ಅಲ್ಲಿಂದ ಹಾದು ಟ್ಯಾಂಕಿಗೆ. ಮೇಲೆ ಲೆಕ್ಕ ಹಾಕಿದ 21 ಕಿಲೋವ್ಯಾಟ್ ಅಷ್ಟೂ ಆ ಸಣ್ಣ ಸಂದಿಯಲ್ಲಿ ಬಿಸಿ ಆಗಿಬಿಡುತ್ತದೆ. ಬಚ್ಚಲು ಮನೆಯ 2 ಕಿಲೋವ್ಯಾಟ್ ಗೀಸರ್ ಹತ್ತನ್ನು ಒಟ್ಟಿಗೆ ನಿಮ್ಮ ಟ್ಯಾಂಕಿನಲ್ಲಿ ಇಟ್ಟ ಹಾಗೆ. ಅದಕ್ಕೇ ನಿಂತ ಆಗರ್‌ನ ಸ್ವಿಚ್ ಹಿಡಿದುಕೊಂಡು "ಹೋಗು ಹೋಗು" ಅನ್ನಬಾರದು. ತಕ್ಷಣ ಬಿಡಿ.

ಎಣ್ಣೆ 80 ಡಿಗ್ರಿ ದಾಟುತ್ತಾ ಹೋದ ಹಾಗೆ ತೆಳ್ಳಗಾಗುತ್ತದೆ, ಸೀಲ್ ಗಟ್ಟಿಯಾಗಿ ಬಿರಿಯುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಯಂತ್ರ ಮಧ್ಯಾಹ್ನ ಮೂರಕ್ಕೆ ಸುಸ್ತಾಯಿತು ಅನ್ನಿಸಿದರೆ ಇದೇ. ಮೊದಲು ಕೂಲರ್ ನೋಡಿ, ಧೂಳು ಹುಲ್ಲು ಕಟ್ಟಿದ್ದರೆ ಗಾಳಿ ಬರುವ ದಿಕ್ಕಿಗೆ ಎದುರಿನಿಂದ ಕಂಪ್ರೆಸರ್ ಗಾಳಿ ಹೊಡೆಯಿರಿ. ಬ್ರೂಮ್ ಹಾಕಿ ಗುಡಿಸುವ ದಿನ ಇದನ್ನು ಎರಡು ಸಲ ಮಾಡಬೇಕು. ಆಮೇಲೆ ಕಪ್ಲರ್‌ಗಳನ್ನು ನೋಡಿ. ಎರಡರಲ್ಲಿ ಒಂದು ಮಾತ್ರ ಕೈಗೆ ಸುಡುವಷ್ಟು ಕಾದಿದ್ದರೆ ಅಲ್ಲೇ ದಾರಿ ಕಟ್ಟಿದೆ. ಸಾಮಾನ್ಯವಾಗಿ ಅದು ವಾಪಸ್ ಕಡೆಯದು.

ಎಣ್ಣೆಯ ನಂಬರ್, ಅಂದರೆ ಅದು ಎಷ್ಟು ಮಂದ ಅನ್ನುವ ಅಂಕಿ, ಮ್ಯಾನುಯಲ್ ಹೇಳಿದ್ದೇ ಇರಲಿ. ಕೆಲವು ಯಂತ್ರಕ್ಕೆ 46, ಕೆಲವಕ್ಕೆ 68, ಕೆಲವಕ್ಕೆ ಇಂಜಿನ್ ಆಯಿಲ್ ಥರದ್ದು. ಬೆರೆಸಬೇಡಿ. ಬ್ರೇಕರ್ ಕೆಲಸ ಜಾಸ್ತಿ ಇದ್ದರೆ ಫಿಲ್ಟರ್ ಬದಲಿಸುವ ಗಂಟೆಯನ್ನು ಕಮ್ಮಿ ಮಾಡಿಕೊಳ್ಳಿ.

ಓಡಾಟದ ಬಗ್ಗೆ ಎರಡು ಮಾತು. ಅಟ್ಯಾಚ್‌ಮೆಂಟ್ ನೆಲಕ್ಕೆ ಹತ್ತಿರ ಇಟ್ಟೇ ಓಡಿಸಿ. ದಿಬ್ಬದಲ್ಲಿ ಭಾರ ಇರುವ ಕಡೆ ಮೇಲಿರಬೇಕು. ಖಾಲಿ ಯಂತ್ರಕ್ಕೆ ಹಿಂದೆ ಭಾರ, ಆದ್ದರಿಂದ ಹಿಮ್ಮುಖ ಹತ್ತಿ. ಬ್ರೇಕರ್‌ನಂಥ ತೂಕದ್ದು ಮುಂದೆ ಇದ್ದರೆ ಮುಮ್ಮುಖ ಹತ್ತಿ, ಹಿಮ್ಮುಖ ಇಳಿಯಿರಿ. ಚಕ್ರದ ಯಂತ್ರದ ಮೇಲೆ ಬರೆದ ಎತ್ತುವ ತೂಕ ಅಂದರೆ ಅದು ಮಗುಚುವ ತೂಕದ ಅರ್ಧ, ಅಟ್ಯಾಚ್‌ಮೆಂಟಿನ ತೂಕವೂ ಅದರಲ್ಲೇ ಬರುತ್ತದೆ. ಸೀಟ್ ಬಾರ್ (ಕೂತವರ ಮುಂದೆ ಇಳಿಸುವ ಸರಳು, ಅದು ಇಳಿಯದೆ ತೋಳು ಅಲ್ಲಾಡಬಾರದು) ಸ್ವಿಚ್ಚಿಗೆ ವೈರ್ ಸುತ್ತಿ ಶಾರ್ಟ್ ಮಾಡಿದ ಯಂತ್ರಗಳನ್ನು ಕಂಡಿದ್ದೇನೆ, ಅಂಥ ಯಂತ್ರದ ತೋಳಿನ ಕೆಳಗೆ ನಾನು ತಲೆ ಹಾಕುವುದಿಲ್ಲ. ಯಾವ ಯಂತ್ರದಲ್ಲೂ ತೋಳು ಎತ್ತಿಯೇ ಕೆಲಸ ಮಾಡಬೇಕಿದ್ದರೆ ಸಪೋರ್ಟ್ ಹಾಕಿ.

ಸಂಜೆ ಬಿಚ್ಚುವಾಗ

ಸಾಕಾಗಿರುತ್ತದೆ, ಕತ್ತಲಾಗುತ್ತಿರುತ್ತದೆ, ಎಳೆದು ಬಿಸಾಕಿ ಹೋಗೋಣ ಅನ್ನಿಸುತ್ತದೆ. ಐದು ನಿಮಿಷ ಎಣ್ಣೆ ತಣಿಯಲು ಬಿಡಿ. ಅಟ್ಯಾಚ್‌ಮೆಂಟ್ ನೆಲಕ್ಕೆ ಊರಿ, ಇಂಜಿನ್ ಆಫ್, ಪ್ರೆಶರ್ ಬಿಡಿ, ದಪ್ಪ ಹೋಸ್ ಎರಡು ಬಿಚ್ಚಿ, ಕೊನೆಗೆ ಕೇಸ್ ಡ್ರೈನ್. ಕ್ಯಾಪ್ ಹಾಕಿ. ಕ್ಯಾಪ್ ಕಳೆದುಹೋಗಿದ್ದರೆ ಅಟ್ಯಾಚ್‌ಮೆಂಟಿನ ಎರಡು ಹೋಸನ್ನು ಒಂದಕ್ಕೊಂದು ಜೋಡಿಸಿಬಿಡಿ, ಗಂಡು ಹೆಣ್ಣು ಇರುವುದರಿಂದ ಕೂರುತ್ತವೆ, ಧೂಳೂ ಹೋಗುವುದಿಲ್ಲ. ಹೋಸನ್ನು ಅಟ್ಯಾಚ್‌ಮೆಂಟಿನ ಮೇಲೆ ಸುತ್ತಿಡಿ, ನೆಲದಲ್ಲಿ ಬಿಟ್ಟರೆ ನಾಳೆ ಬೆಳಗ್ಗೆ ಯಾರದೋ ಟ್ರ್ಯಾಕ್ಟರ್ ಹತ್ತಿಸಿರುತ್ತದೆ. ನನ್ನದರ ಮೇಲೆ ಎರಡು ಸಲ ಹತ್ತಿದೆ.